ಬಾಗಿಲ ಹಿಂದಿನ ಮೂಲೆ

ಟೈಲ್ಸ್ ಹಾಕುವವರ ನಡುವೆ ಅವನಿಗಿದ್ದ ಹೆಸರು ಕಣ್ಣಳತೆ ಮೇಸ್ತ್ರಿ. ಹೆತ್ತವರು ಇಟ್ಟ ಹೆಸರು ಬೇರೆಯೇ ಇತ್ತು, ಆದರೆ ಕೆಲಸದ ಜಾಗದಲ್ಲಿ ಯಾರೂ ಅವನನ್ನು ಆ ಹೆಸರಿನಿಂದ ಕರೆದದ್ದಿಲ್ಲ. ಉಳಿದವರು ದಾರ ಕಟ್ಟಿ, ರಸಮಟ್ಟ ಇಟ್ಟು, ಗಾಜಿನ ಕೊಳವೆಯೊಳಗಿನ ಗುಳ್ಳೆ ನಡುವೆ ಬಂದು ನಿಂತಿತೇ ಎಂದು ನೋಡುತ್ತಿದ್ದರೆ, ಇವನು ನೆಲಕ್ಕೆ ಕೆನ್ನೆ ತಾಗುವಷ್ಟು ಬಗ್ಗಿ, ಒಂದು ಕಣ್ಣು ಮುಚ್ಚಿ, "ಈ ಮೂಲೆ ಒಂದು ಎಳೆ ಮೇಲಿದೆ" ಎನ್ನುತ್ತಿದ್ದ. ನಂಬದವರು ರಸಮಟ್ಟ ಇಟ್ಟು ನೋಡುತ್ತಿದ್ದರು. ಆ ಮೂಲೆ ಒಂದು ಎಳೆ ಮೇಲೇ ಇರುತ್ತಿತ್ತು.

ಅವನ ಜೊತೆ ಗಾರೆ ಕಲಸುವ ಹೆಂಗಸೊಬ್ಬಳಿದ್ದಳು. ವಯಸ್ಸಿನಲ್ಲಿ ಹಿರಿಯಳು, ಕೆಲಸದವರಿಗೆಲ್ಲ ಚಿಕ್ಕಮ್ಮ. "ನಿನ್ನ ಕಣ್ಣು ಕಿತ್ತು ಅಂಗಡೀಲಿಟ್ರೆ ಸಾಕು, ರಸಮಟ್ಟ ಮಾರೋನು ಬಾಗಿಲು ಹಾಕ್ಕೊಂಡು ಊರು ಬಿಡ್ತಾನೆ" ಎಂದು ಅವಳು ಹೇಳಿದರೆ, ಅದು ಹೊಗಳಿಕೆಯೋ ಗೇಲಿಯೋ ಎಂದು ಅವನು ಯೋಚಿಸುತ್ತಿರಲಿಲ್ಲ. ನಕ್ಕು, ಮುಂದಿನ ಟೈಲ್ಸ್ ಎತ್ತಿಕೊಳ್ಳುತ್ತಿದ್ದ.

ಶಾಲೆಯಲ್ಲಿ ಯಾವ ವಿಷಯಕ್ಕೂ ಯಾರೂ ಅವನ ಬೆನ್ನು ತಟ್ಟಿರಲಿಲ್ಲ. ಮನೆಯಲ್ಲೂ ಅವನು ತಟ್ಟೆ ಬೀಳಿಸುವವನು, ಹೇಳಿದ ಸಾಮಾನು ಬಿಟ್ಟು ಬೇರೆ ತರುವವನು. ಮರಳು ಹೊರುವ ಕೆಲಸಕ್ಕೆ ಸೇರಿದ ಮೇಲೆ ಒಂದು ದಿನ ಯಾರೋ "ಇವನ ಕಣ್ಣು ನೋಡ್ರಪ್ಪಾ!" ಎಂದರು. ಆ ಮಾತನ್ನು ಅವನು ಒಡೆಯುವ ಪಾತ್ರೆಯನ್ನು ಹಿಡಿದಂತೆ ಜೋಪಾನವಾಗಿ ಇಟ್ಟುಕೊಂಡ. ಬರಬರುತ್ತ ತನ್ನಲ್ಲಿ ಇರುವುದು ಅದೊಂದೇ, ಅದು ಹೋದರೆ ತಾನು ಮತ್ತೆ ತಟ್ಟೆ ಬೀಳಿಸುವವನೇ ಎಂದುಕೊಂಡ. ರಸಮಟ್ಟ ಅವನ ಚೀಲದ ತಳದಲ್ಲಿ, ಹಳೆಯ ಬಟ್ಟೆಯಲ್ಲಿ ಸುತ್ತಿಕೊಂಡು, ಯಾವಾಗಲೋ ಒಮ್ಮೆ ಹೊರಗೆ ಬರುತ್ತಿತ್ತು.

ಅವನ ಅಕ್ಕ ಅವನಿಗಿಂತ ಸಾಕಷ್ಟು ದೊಡ್ಡವಳು. ತಾಯಿ ಕೆಲಸಕ್ಕೆ ಹೋಗುತ್ತಿದ್ದುದರಿಂದ ಅವನನ್ನು ಸೊಂಟದ ಮೇಲೆ ಹೊತ್ತು ತಿರುಗಿದವಳು ಅವಳೇ. ಈಗ ಅವಳು ಗಂಡ ಮತ್ತು ಅತ್ತೆಯ ಜೊತೆ ಒಂದು ಹಳೆಯ ಮನೆಯಲ್ಲಿದ್ದಳು. ಭಾವ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವವರು. ಮಾತು ಕಡಿಮೆ. ಬೀಗ ಹಾಕಿದ ಮೇಲೆ ಇನ್ನೊಮ್ಮೆ ಎಳೆದು ನೋಡುವ ಜಾಯಮಾನ. ಅಕ್ಕನ ಅತ್ತೆಯನ್ನು ಅವನೂ ಅತ್ತೆ ಎಂದೇ ಕರೆಯುತ್ತಿದ್ದ. ಆಕೆಯ ಬಾಯಿ ಜೋರು, ಕೈ ಧಾರಾಳ. ಬೈದುಕೊಂಡೇ ತಟ್ಟೆಗೆ ಬಡಿಸುವವರು.

ಆ ಮನೆಯ ಬಚ್ಚಲಿನ ಸಿಮೆಂಟು ನೆಲ ಸವೆದು ಕಿತ್ತುಹೋಗಿತ್ತು. ಹೊಸ ಟೈಲ್ಸ್ ಹಾಕಿಸುವ ಮಾತು ಬಂದಾಗ ಭಾವ, ಯಾವುದಾದರೂ ದೊಡ್ಡ ಅಂಗಡಿಯವರಿಗೇ ವಹಿಸೋಣ, ನೆಂಟರ ಕೈಲಿ ಕೆಲಸ ಮಾಡಿಸಿದರೆ ಹೆಚ್ಚು ಕಡಿಮೆಯಾದಾಗ ಕೇಳುವುದು ಕಷ್ಟ ಎಂದರು.

ಅಕ್ಕ ಬಿಡಲಿಲ್ಲ. "ಏನ್ರೀ, ಊರಿನವರ ಮನೆಗೆಲ್ಲ ನನ್ನ ತಮ್ಮನೇ ಬೇಕು, ನಮ್ಮನೆಗೆ ಮಾತ್ರ ಬೇಡ್ವಾ? ಹೆಚ್ಚು ಕಡಿಮೆಯಾದ್ರೆ ನನ್ನನ್ನ ಕೇಳಿ."

ಆ ಕೊನೆಯ ಮಾತನ್ನು ಅವಳು ನಗುತ್ತಲೇ ಹೇಳಿದ್ದಳು.

ಕೆಲಸ ಶುರುವಾಯಿತು. ಮೊದಲು ಗೋಡೆ. ಮನೆ ಹಳೆಯದಾದ್ದರಿಂದ ಒಂದು ಕಡೆ ಒಂದಿಷ್ಟು ಕುಸಿದು ಕೂತಿತ್ತು. ಬಚ್ಚಲಿನ ಕಿಟಕಿ ಓರೆಯಾಗಿತ್ತು. ಅದರ ಬಾಗಿಲ ಕಡೆಯ ತುದಿ ತಗ್ಗು, ನೆಲದಲ್ಲಿ ನೀರು ಹೋಗುವ ಜಾಲರಿಯ ಕಡೆಯ ತುದಿ ಎತ್ತರ. ಗೋಡೆಯ ನಡುವೆ ಉದ್ದಕ್ಕೂ ನೀಲಿ ಬಣ್ಣದ ಒಂದು ಪಟ್ಟಿ ಬರಬೇಕಿತ್ತು. ಅದನ್ನು ಸರಿಯಾದ ಮಟ್ಟಕ್ಕೆ ಹಾಕಿದರೆ ಕಿಟಕಿಯ ಓರೆ ಎದ್ದು ಕಾಣುತ್ತದೆ, ನೋಡುವವರು ಪಟ್ಟಿಯೇ ಸೊಟ್ಟ ಎನ್ನುತ್ತಾರೆ. ಆದ್ದರಿಂದ ಅವನು ಪಟ್ಟಿಯನ್ನು ಕಿಟಕಿಯ ಓರೆಗೇ ಹೊಂದಿಸಿ ಹಾಕಿದ. ಹಳೆಯ ಮನೆಗಳಲ್ಲಿ ಮೇಸ್ತ್ರಿಗಳು ಹೀಗೆ ಮಾಡುವುದುಂಟು. ಅದರಲ್ಲಿ ಮೋಸವೇನೂ ಇಲ್ಲ. ಎರಡೂ ಒಂದೇ ಓರೆಯಲ್ಲಿ ನಿಂತು, ನೋಡುವ ಕಣ್ಣಿಗೆ ನೆಟ್ಟಗೆ ಕಂಡವು.

ಮಾರನೆಯ ದಿನ ನೆಲ. ಬಚ್ಚಲಿನ ನೆಲ ಜಾಲರಿಯ ಕಡೆಗೆ ಇಳಿಯಬೇಕು. ಕಾಣದಷ್ಟು ಸಣ್ಣ ಇಳಿಜಾರು, ಆದರೆ ನೀರಿಗೆ ಗೊತ್ತಾಗುವಷ್ಟು. ಚಿಕ್ಕಮ್ಮ ಗಾರೆಯ ಬಾಂಡ್ಲಿ ಇಟ್ಟು, "ರಸಮಟ್ಟ ತೆಗೀಲಾ?" ಎಂದಳು.

"ಯಾಕೆ, ನನಗೇನು ಕಣ್ಣು ಹೋಗಿದ್ಯಾ?" ಎಂದ ಅವನು.

ಎಂದಿನಂತೆ ಬಗ್ಗಿ, ಒಂದು ಕಣ್ಣು ಮುಚ್ಚಿ ನೋಡಿದ. ಕಣ್ಣು ಯಾವಾಗಲೂ ಏನಾದರೂ ಒಂದನ್ನು ಆಧಾರವಾಗಿ ಹಿಡಿದುಕೊಂಡೇ ಅಳೆಯುತ್ತದೆ. ಆ ಸಣ್ಣ ಕೋಣೆಯಲ್ಲಿ ಅದು ಹಿಡಿದುಕೊಂಡದ್ದು ಎದುರಿಗಿದ್ದ ನೀಲಿ ಪಟ್ಟಿಯನ್ನು. ಪಟ್ಟಿ ಜಾಲರಿಯ ಕಡೆಗೆ ಏರಿತ್ತು. ಅದಕ್ಕೆ ಹೋಲಿಸಿದಾಗ ನೆಲ ಜಾಲರಿಯ ಕಡೆಗೆ ಚೆನ್ನಾಗಿ ಇಳಿದಂತೆ ಕಂಡಿತು. ನಿನ್ನೆ ತಾನೇ ತನ್ನ ಕೈಯಾರೆ ಓರೆ ಮಾಡಿದ ಪಟ್ಟಿ ಅದು ಎಂಬುದು ಅವನಿಗೆ ಹೊಳೆಯಲೇ ಇಲ್ಲ. ರಬ್ಬರ್ ಸುತ್ತಿಗೆಯಿಂದ ತಟ್ಟಿ ತಟ್ಟಿ ಒಂದೊಂದೇ ಟೈಲ್ಸ್ ಕೂರಿಸುತ್ತ, ಜಾಲರಿಯ ಕಡೆಯಿಂದ ಬಾಗಿಲವರೆಗೆ ಬಂದು ಮುಗಿಸಿದ.

ಸಂಜೆ ಎಲ್ಲ ಒರೆಸಿ, ಮನೆಯವರು ಯಾರೂ ಹತ್ತಿರ ಇಲ್ಲದಾಗ, ಹೊಸ್ತಿಲ ಹೊರಗೆ ಕುಳಿತು ಒಂದು ಮಗ್ ನೀರು ಸುರಿದ. ಪ್ರತಿ ಬಚ್ಚಲು ಮುಗಿದಾಗಲೂ ಅವನು ಹೀಗೆ ಮಾಡುತ್ತಿದ್ದ. ಅದು ಪರೀಕ್ಷೆ ಎನ್ನುವುದಕ್ಕಿಂತ ಅವನಿಗೆ ಒಂದು ಖುಷಿ. ನೀರು ಹೇಳಿದ ಮಾತು ಕೇಳುವ ಮಗುವಿನಂತೆ ಜಾಲರಿಯ ಕಡೆ ಓಡುವುದನ್ನು ನೋಡುವ ಖುಷಿ.

ನೀರು ನಡುವೆ ಒಂದು ಕ್ಷಣ ನಿಂತಿತು. ಆಮೇಲೆ ನಿಧಾನವಾಗಿ, ದಾರಿ ಗೊತ್ತಿರುವಂತೆ, ಅವನ ಕಡೆಗೇ ಬಂತು. ಬಂದು ಬಾಗಿಲ ಹಿಂದಿನ ಮೂಲೆಯಲ್ಲಿ ಮಡುಗಟ್ಟಿ ನಿಂತಿತು.

ಅವನು ತಲೆ ಎತ್ತಿ ಪಟ್ಟಿಯನ್ನು ನೋಡಿದ, ಕಿಟಕಿಯನ್ನು ನೋಡಿದ. ಎಲ್ಲ ಅರ್ಥವಾಯಿತು. ಗಾರೆ ಇನ್ನೂ ಹಸಿ. ಈಗಲೇ ಕಿತ್ತರೆ ಟೈಲ್ಸ್ ಒಡೆಯದೆ ಬರುತ್ತವೆ, ನಾಳೆ ಹೊಸದಾಗಿ ಹಾಕಬಹುದು. ಒಂದು ದಿನದ ಕೆಲಸ, ಅಷ್ಟೆ.

ಅಷ್ಟರಲ್ಲಿ ನಡುಮನೆಯಿಂದ ಅಕ್ಕನ ದನಿ ಕೇಳಿಸಿತು. ಪಕ್ಕದ ಮನೆಯವರನ್ನು ಕರೆದುಕೊಂಡು ಬರುತ್ತಿದ್ದಳು. "ಬನ್ನಿ ಬನ್ನಿ, ನನ್ನ ತಮ್ಮನ ಕೈ ನೋಡಿ. ಎಲ್ಲರೂ ಅಳತೆ ಹಿಡ್ಕೊಂಡು ಒದ್ದಾಡ್ತಾರೆ, ಇವನು ಬರೀ ಕಣ್ಣಲ್ಲೇ..."

ಅವನು ಹೆಗಲ ಮೇಲಿದ್ದ ಬಟ್ಟೆಯನ್ನು ಎಳೆದು ಮೂಲೆಯ ನೀರನ್ನು ಒರೆಸಿಬಿಟ್ಟ.

ಬಾಂಡ್ಲಿ ತೊಳೆಯುತ್ತಿದ್ದ ಚಿಕ್ಕಮ್ಮ ನೋಡಿದಳು. ತಲೆ ತಗ್ಗಿಸಿ ಮತ್ತೆ ಬಾಂಡ್ಲಿ ಉಜ್ಜಿದಳು. ಅವನೂ ಅವಳ ಮುಖ ನೋಡಲಿಲ್ಲ. ಪಕ್ಕದ ಮನೆಯವರು ಹೊಗಳಿದರು. ಅತ್ತೆ ಬಂದು, "ಮುಖ ನೋಡ್ಕೋಬಹುದಲ್ಲೋ! ನನ್ನ ಮುಖ ನೋಡಿ ನಾನೇ ಹೆದರ್ಕೊಳ್ಳೋ ಹಾಗಾಯ್ತು" ಎಂದು ನಕ್ಕರು. ಭಾವ ಕೂಡ ತಲೆಯಾಡಿಸಿದರು.

ಹೊರಡುವಾಗ ಅವನು ಅಕ್ಕನನ್ನು ಬದಿಗೆ ಕರೆದ. "ಸ್ನಾನ ಆದ ಮೇಲೆ ಪ್ರತಿ ಸಲ ವೈಪರ್ ಎಳೆದುಬಿಡಕ್ಕಾ. ಹೊಸ ಟೈಲ್ಸ್, ನೀರು ನಿಲ್ಲಬಾರದು. ಹೊಳಪು ಹೋಗುತ್ತೆ."

ಹೊಳಪಿನ ಮಾತು ಸುಳ್ಳು. ಆದರೆ ಹೇಳಿದ ಮೇಲೆ ಅವನಿಗೆ ಸ್ವಲ್ಪ ಹಗುರವಾಯಿತು. ಒಂದು ಬೊಗಸೆ ನೀರು ತಾನೇ, ವೈಪರ್ ಎಳೆದರೆ ಹೋಗುತ್ತದೆ ಎಂದುಕೊಂಡ. ಅಕ್ಕ ಆ ಮಾತನ್ನು ಮನೆಯವರಿಗೆಲ್ಲ ಹೇಳಿದಳು. ತಮ್ಮ ಹೇಳಿದ್ದು ಎಂದರೆ ಅವಳಿಗೆ ಅಷ್ಟು ಹೆಮ್ಮೆ.

ಆಮೇಲೆ ಕೆಲವು ವಾರ ಏನೂ ಆಗಲಿಲ್ಲ. ಏನೂ ಆಗದಿದ್ದುದರಿಂದ ಅವನು ಮರೆತ ಹಾಗೇ ಇದ್ದ. ಒಂದು ಬೆಳಿಗ್ಗೆ ಭಾವ ಫೋನು ಮಾಡಿ, ಅಮ್ಮ ಬಚ್ಚಲಲ್ಲಿ ಜಾರಿಬಿದ್ದರು, ಸೊಂಟದ ಮೂಳೆ ಮುರಿದಿದೆ, ಆಸ್ಪತ್ರೆಯಲ್ಲಿದ್ದೇವೆ ಎಂದರು.

"ಬಚ್ಚಲಲ್ಲಿ ಎಲ್ಲಿ?" ಎಂದು ಅವನು ಕೇಳಿದ. ಕೇಳಿದ ಕೂಡಲೇ ನಾಲಗೆ ಕಚ್ಚಿಕೊಂಡ. ಯಾರಾದರೂ ಮೊದಲು ಹಾಗೆ ಕೇಳುತ್ತಾರೆಯೇ?

"ಒಳಗೆ ಕಾಲಿಡ್ತಾನೇ. ಬಾಗಿಲ ಹತ್ರ" ಎಂದರು ಭಾವ.

ಆಸ್ಪತ್ರೆಗೆ ಹೋದಾಗ ಅತ್ತೆ ಮಲಗಿದ್ದರು. ಮುಖ ಬಾಡಿಹೋಗಿತ್ತು. ನೋಡಲು ಬಂದ ನೆಂಟರು ಮಂಚದ ಸುತ್ತ ನಿಂತು, ಸಿಕ್ಕಿದ ವಿಷಯವನ್ನು ಅಗಿಯುತ್ತಿದ್ದರು. ಅಕ್ಕ ಕಿಟಕಿಯ ಹತ್ತಿರ ಗೋಡೆಗೆ ಒರಗಿ ನಿಂತಿದ್ದಳು.

"ನೀರು ನಿಂತಿತ್ತಂತೆ. ಸೋಪಿನ ನೀರು ಬೇರೆ."

"ಸೊಸೆ ಆವಾಗಷ್ಟೇ ಸ್ನಾನ ಮಾಡಿ ಬಂದಿದ್ಲಂತೆ. ವೈಪರ್ ಎಳೀಬೇಕು ಅಂತ ಅವಳ ತಮ್ಮನೇ ಹೇಳಿದ್ನಂತಲ್ಲ?"

ಎಲ್ಲರೂ ಅವನ ಕಡೆ ತಿರುಗಿದರು. ಹೌದು ಎನ್ನಬೇಕೆಂದು ಕಾಯುತ್ತಿದ್ದರು.

ಭೂಮಿ ಬಾಯಿ ಬಿಟ್ಟರೆ ಇಳಿದುಹೋಗುತ್ತಿದ್ದ. ತಾನು ತಪ್ಪಿಸಿಕೊಳ್ಳಲು ಕಟ್ಟಿದ ಸಣ್ಣ ಸುಳ್ಳು ಅಕ್ಕನ ಕೊರಳಿಗೆ ಸುತ್ತಿಕೊಂಡು ನಿಂತಿತ್ತು. ಅವನು ತಂದಿದ್ದ ಹಣ್ಣಿನ ಚೀಲವನ್ನು ಮೇಜಿನ ಮೇಲಿಟ್ಟು, ಅದು ಬೀಳದಂತೆ ಸರಿಮಾಡುತ್ತ ನಿಂತ.

ಅಕ್ಕನೇ ಹೇಳಿದಳು. "ಹೇಳಿದ್ದ. ದಿನಾ ಎಳೀತಿದ್ದೆ. ಅವತ್ತೂ ಎಳೆದೆ ಅಂತಲೇ ನೆನಪು..."

"ನೆನಪು!" ಎಂದರು ಅತ್ತೆ ಮಲಗಿದಲ್ಲಿಂದಲೇ. "ನನ್ನ ಸೊಂಟ ಹೋಯ್ತು, ನಿನಗೆ ನೆನಪು." ಆಮೇಲೆ ಅವನ ಕೈ ಹಿಡಿದು, "ನೀನು ಪಾಪ ಎಷ್ಟು ಚೆನ್ನಾಗಿ ಮಾಡಿಕೊಟ್ಟಿದ್ದೆ ಕಣಪ್ಪ" ಎಂದರು.

ಆ ಕೈಯನ್ನು ಬಿಡಿಸಿಕೊಳ್ಳುವ ಧೈರ್ಯವೂ ಅವನಿಗೆ ಇರಲಿಲ್ಲ.

ಅತ್ತೆ ಮನೆಗೆ ಬಂದರು. ಹಿಡಿದು ನಡೆಯುವ ಕಬ್ಬಿಣದ ಚೌಕಟ್ಟು ಬಂತು. ಅವನು ಹೋಗುವುದನ್ನು ಕಡಿಮೆ ಮಾಡಿದ. ಹೋದರೂ ಹೊಸ್ತಿಲಲ್ಲೇ ನಿಂತು, ಕೆಲಸವಿದೆ ಎಂದು ಹೊರಡುತ್ತಿದ್ದ. ಕೈಕಾಲು ತೊಳೆದುಕೋ ಎಂದರೆ ಬೇಡ ಎನ್ನುತ್ತಿದ್ದ. ಆ ಬಚ್ಚಲಿಗೆ ಕಾಲಿಡಲು ಅವನಿಂದ ಆಗುತ್ತಿರಲಿಲ್ಲ. ಬೇರೆ ಮನೆಗಳಲ್ಲಿ ಕೆಲಸ ನಡೆದೇ ಇತ್ತು. ಆದರೆ ಈಗ ಬಗ್ಗಿ ಕಣ್ಣು ಮುಚ್ಚಿದಾಗಲೆಲ್ಲ ನೀರು ತನ್ನ ಕಡೆಗೆ ಬರುವುದು ಕಾಣುತ್ತಿತ್ತು. ಯಾರಾದರೂ "ಕಣ್ಣಳತೆ ಮೇಸ್ತ್ರಿ" ಎಂದು ಕೂಗಿದರೆ ಕೆನ್ನೆಗೆ ಹೊಡೆದಂತಾಗುತ್ತಿತ್ತು.

ಒಂದು ಮಧ್ಯಾಹ್ನ ಭಾವ ಇಲ್ಲದ ಹೊತ್ತು ನೋಡಿಕೊಂಡು ಹೋದ. ಅತ್ತೆ ಮಲಗಿದ್ದರು. ಅಕ್ಕ ಎಲ್ಲೂ ಕಾಣಲಿಲ್ಲ. ಬಚ್ಚಲ ಬಾಗಿಲು ಅರ್ಧ ತೆರೆದಿತ್ತು. ಒಳಗೆ ಇಣುಕಿದರೆ ಅಕ್ಕ ಮಂಡಿಯೂರಿ ಕುಳಿತು, ಹಳೆಯ ಟವೆಲಿನಿಂದ ಬಾಗಿಲ ಹಿಂದಿನ ಮೂಲೆಯನ್ನು ಒರೆಸುತ್ತಿದ್ದಳು. ಒರೆಸಿ, ಅಂಗೈಯನ್ನು ನೆಲಕ್ಕೆ ಒತ್ತಿ, ಕೈ ನೋಡಿಕೊಳ್ಳುತ್ತಿದ್ದಳು. ಮತ್ತೆ ಒರೆಸುತ್ತಿದ್ದಳು.

"ಏನಕ್ಕಾ ಮಾಡ್ತಿದೀಯ?"

"ಎಷ್ಟು ಎಳೆದರೂ ಇಲ್ಲಿ ಒಂಚೂರು ಉಳ್ಕೊಂಡುಬಿಡುತ್ತೆ ಕಣೋ. ಹಿಂದೆ ನನಗೆ ಕಾಣ್ತಾನೇ ಇರ್ಲಿಲ್ಲ ನೋಡು. ಎಷ್ಟು ಗಮನವಿಲ್ಲದೆ ಇದ್ದೆ ಅಂತ ಈಗ ಗೊತ್ತಾಗ್ತಿದೆ." ಅವಳು ತಲೆ ಎತ್ತದೆ ಹೇಳಿದಳು. "ನಿನಗೆ ನೆನಪಿದ್ಯಾ, ಅಮ್ಮ ಯಾವಾಗಲೂ ಹೇಳ್ತಿದ್ಳು, ನಾನು ಅರ್ಧಂಬರ್ಧ ಕೆಲಸದವಳು ಅಂತ."

ಅಮ್ಮ ಅಕ್ಕನಿಗೆ ಹಾಗೆ ಹೇಳಿದ ಒಂದು ದಿನವೂ ಅವನ ನೆನಪಿನಲ್ಲಿರಲಿಲ್ಲ. ಅಮ್ಮ ಹಾಗೆ ಹೇಳುತ್ತಿದ್ದದ್ದು ಅವನಿಗೆ.

ಈಗ ಹೇಳಬೇಕು ಎಂದುಕೊಂಡ. ಬಾಯಿ ತೆರೆದ. "ಹುಷಾರಕ್ಕಾ, ಮಂಡಿ ನೋಯುತ್ತೆ" ಎಂದ. ಹೇಳಿ ಹೊರಟುಬಂದ.

ಆ ದಿನ ಕೆಲಸದ ಜಾಗಕ್ಕೆ ವಾಪಸ್ಸು ಬಂದು ಕುಳಿತವನು ಗಾರೆ ಬಳಿಯುವ ಕರಣೆ ಹಿಡಿಯಲಿಲ್ಲ. ಚಿಕ್ಕಮ್ಮ ಕಲಸಿಟ್ಟ ಗಾರೆ ಗಟ್ಟಿಯಾಗುತ್ತ ಬಂತು. ಅವಳು ಸನಿಕೆಯಿಂದ ಅದನ್ನು ಕುಟ್ಟಿ ನೋಡಿ, "ಇನ್ನೇನು ಇದನ್ನ ಒಡೆದೇ ತೆಗೀಬೇಕು" ಎಂದಳು.

"ನಿಮ್ಮಕ್ಕನ ಮನೆಗೆ ಹೋಗಿದ್ಯಾ?"

"ಹೂಂ."

"ಹೇಳಿದ್ಯಾ?"

ಅವನು ಬೆಚ್ಚಿ ನೋಡಿದ. ಇಷ್ಟು ದಿನ ಇಬ್ಬರೂ ಆ ಮಾತು ಎತ್ತಿರಲಿಲ್ಲ.

"ಹಾಗೆ ನೋಡಬೇಡ ನನ್ನ. ನನಗೂ ಕಣ್ಣಿದೆ. ನಿನ್ನಷ್ಟು ಹೆಸರಾಗಿಲ್ಲ ಅಷ್ಟೆ" ಎಂದಳು ಚಿಕ್ಕಮ್ಮ. "ನೀರು ಒರೆಸಿದ್ದು ನೋಡಿದೆ. ಸುಮ್ಮನಿದ್ದೆ. ನಾನೂ ಸೇರಿ ಒರೆಸಿದ ಹಾಗೇ ಆಯ್ತು. ಆ ಹುಡುಗಿ ಬೈಸ್ಕೊಳ್ತಿದ್ದಾಳೆ ಅಂತ ಕೇಳಿದಾಗಿಂದ ನನಗೆ ಊಟ ಸೇರ್ತಿಲ್ಲ. ನಿನಗೆ ಹೇಗೆ ಸೇರುತ್ತೋ ದೇವರೇ ಬಲ್ಲ."

"ಹೇಳಿದ್ರೆ ಅಕ್ಕನಿಗೆ ಅಲ್ಲಿ ಇನ್ನೂ ಕಷ್ಟ ಆಗುತ್ತೆ ಚಿಕ್ಕಮ್ಮ. ನನ್ನನ್ನ ಕರೆಸಿದ್ದು ಅವಳೇ ಅಲ್ವಾ?"

"ಅವಳಿಗೆ ಕಷ್ಟ ಆಗುತ್ತೆ ಅಂತಲೋ, ನಿನಗೆ ನಾಚಿಕೆ ಆಗುತ್ತೆ ಅಂತಲೋ?"

ಅವನಿಗೆ ಉತ್ತರ ಗೊತ್ತಿತ್ತು. ಬಾಯಲ್ಲಿ ಆಡಲು ನಾಚಿಕೆಯಾಯಿತು.

ಮಾರನೆಯ ದಿನ ಭಾವನಿಗೆ ರಜೆ. ಬೆಳಿಗ್ಗೆಯೇ ಸುತ್ತಿಗೆ, ಉಳಿ, ಚೀಲದ ತಳದ ರಸಮಟ್ಟ ಎಲ್ಲ ತೆಗೆದುಕೊಂಡು ಹೋದ. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಜೋಡಿಸಿಕೊಂಡಿದ್ದ. ಬಾಗಿಲು ತೆರೆದ ಭಾವನ ಮುಖ ನೋಡಿದ ಕೂಡಲೇ ಒಂದು ಮಾತೂ ಉಳಿಯಲಿಲ್ಲ.

"ಏನಯ್ಯ, ಸಾಮಾನೆಲ್ಲ ಹೊತ್ಕೊಂಡು? ಏನು ಕೆಲಸ ಇದೆ ಇಲ್ಲಿ?"

"ಎಲ್ಲರೂ ಒಂದ್ಸಲ ಬಚ್ಚಲ ಹತ್ರ ಬನ್ನಿ ಭಾವ. ಒಂದು ತೋರಿಸಬೇಕು."

ಅತ್ತೆ ಚೌಕಟ್ಟು ಹಿಡಿದು ಹೆಜ್ಜೆ ಹಾಕಿಕೊಂಡು ಬಂದರು. ಅಕ್ಕ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಬಂದಳು. ಬಚ್ಚಲ ನೆಲ ಒಣಗಿತ್ತು. ಅವನು ಒಂದು ಮಗ್ ನೀರು ತುಂಬಿ ನಡುವೆ ಸುರಿದ. ಅದು ಒಂದು ಕ್ಷಣ ನಿಂತು, ಎಲ್ಲರ ಕಣ್ಣೆದುರಿಗೆ, ಜಾಲರಿಗೆ ಬೆನ್ನು ಮಾಡಿ, ಬಾಗಿಲ ಹಿಂದಿನ ಮೂಲೆಗೆ ಬಂದು ಕೂತಿತು.

"ಇಳಿಜಾರು ಉಲ್ಟಾ ಆಗಿದೆ" ಎಂದ. ದನಿ ತನ್ನದಲ್ಲವೇನೋ ಎನ್ನುವಂತಿತ್ತು. "ನನ್ನಿಂದ ಆಗಿದ್ದು. ಅಕ್ಕ ಎಷ್ಟು ವೈಪರ್ ಎಳೆದರೂ ನೀರು ಇಲ್ಲಿಗೇ ಬರುತ್ತೆ. ಅವತ್ತೂ ಬಂದಿರುತ್ತೆ. ಅವಳದೇನೂ ತಪ್ಪಿಲ್ಲ."

ಭಾವ ಬಗ್ಗಿ ನೀರನ್ನು ನೋಡಿದರು. ಬೆರಳಿನಿಂದ ಮುಟ್ಟಿ ನೋಡಿದರು. ಬೀಗವನ್ನು ಎರಡನೆಯ ಸಲ ಎಳೆಯುವ ಮನುಷ್ಯ, ಸುಮ್ಮನೆ ಬಿಡುವವರಲ್ಲ. ಎದ್ದು ನಿಂತು ನಿಧಾನವಾಗಿ ಕೇಳಿದರು. "ಇದು ನಿನಗೆ ಯಾವಾಗ ಗೊತ್ತಾಯ್ತು?"

ಈಗ ತಾನೇ ಎನ್ನಬಹುದಿತ್ತು. ನಿನ್ನೆ ಅಕ್ಕ ಒರೆಸುವುದನ್ನು ನೋಡಿ ಅನುಮಾನ ಬಂತು ಎಂದರೆ ಎಲ್ಲರೂ ನಂಬುತ್ತಿದ್ದರು. ಕೈ ತಪ್ಪಿ ಆದದ್ದು ಎಂದು ಕ್ಷಮಿಸುತ್ತಿದ್ದರು. ಅವನು ಅಕ್ಕನ ಕಡೆ ನೋಡಿದ. ಅಕ್ಕ ಅವನನ್ನೇ ನೋಡುತ್ತಿದ್ದಳು. ಗೊತ್ತಿರಲಿಲ್ಲ ಅನ್ನು, ಗೊತ್ತಿರಲಿಲ್ಲ ಅಂದುಬಿಡೋ ಎಂದು ಅವಳ ಮುಖವೆಲ್ಲ ಬೇಡುತ್ತಿತ್ತು. ಚಿಕ್ಕಂದಿನಲ್ಲಿ ಅವನು ತಟ್ಟೆ ಬೀಳಿಸಿ ಅಮ್ಮನ ಎದುರು ನಿಂತಾಗಲೂ ಅವಳ ಮುಖ ಹೀಗೆಯೇ ಇರುತ್ತಿತ್ತು.

"ಮುಗಿಸಿದ ದಿನವೇ" ಎಂದ. "ಸಂಜೆ ನೀರು ಸುರಿದು ನೋಡಿದೆ. ನಿಂತಿತು. ನೀವೆಲ್ಲ ಬರ್ತಿದ್ರಿ. ಒರೆಸಿಬಿಟ್ಟೆ. ಹೊಳಪು ಹೋಗುತ್ತೆ ಅಂತ ವೈಪರ್ ಎಳೆಯೋಕೆ ಹೇಳಿದ್ದು ಸುಳ್ಳು."

ಅಕ್ಕನ ಮುಖ ಆರಿದ ದೀಪದಂತಾಯಿತು. ಅವಳು ಅಳಲಿಲ್ಲ, ಕೂಗಾಡಲಿಲ್ಲ. "ಆಸ್ಪತ್ರೇಲಿ ಎಲ್ಲರೂ ನಿನ್ನ ಮುಖ ನೋಡಿದ್ರು. ಆವಾಗಲೂ ಗೊತ್ತಿತ್ತು ನಿನಗೆ" ಎಂದಳು.

"ಗೊತ್ತಿತ್ತಕ್ಕಾ."

"ನಿನ್ನೆ ನಾನು ಮಂಡಿಯೂರಿ ಒರೆಸ್ತಿದ್ದೆ. ಆವಾಗಲೂ."

ಅವನು ತಲೆಯಾಡಿಸಿದ.

"ನೆಲ ಹಾಳಾಗಿ ಹೋಗ್ಲಿ ಕಣೋ. ಯಾರು ಬೈದರೂ ತಡ್ಕೊಳ್ತಿದ್ದೆ. ಆದರೆ ಬೈಸ್ಕೊಂಡು ಬೈಸ್ಕೊಂಡು ನಂದೇ ತಪ್ಪು ಅಂತ ನಾನೇ ನಂಬಿಬಿಟ್ಟಿದ್ದೆ. ಅವತ್ತು ವೈಪರ್ ಎಳೆದದ್ದು ನನಗೆ ಚೆನ್ನಾಗಿ ನೆನಪಿತ್ತು. ಆ ನೆನಪೇ ಸುಳ್ಳು ಅಂದ್ಕೊಂಡೆ. ಕಣ್ಣಲ್ಲಿ ನೋಡಿದ್ದು, ಕೈಯಲ್ಲಿ ಮಾಡಿದ್ದು ಯಾವುದನ್ನೂ ನಂಬದ ಹಾಗಾಗಿಬಿಟ್ಟಿದ್ದೆ. ಒಲೆ ಆರಿಸಿದೀನಾ ಅಂತ ಎದ್ದೆದ್ದು ಹೋಗಿ ನೋಡ್ತಿದ್ದೆ." ಅಷ್ಟು ಹೇಳಿ ಅವಳು ಅಡುಗೆಮನೆಗೆ ಹೋದಳು.

ಎಲ್ಲರಿಗಿಂತ ಮೊದಲು ಚೇತರಿಸಿಕೊಂಡವರು ಅತ್ತೆ. "ಅಂದ್ರೆ ನನ್ನ ಸೊಂಟ ಮುರಿದಿದ್ದು ನೀನಾ?" ಎಂದರು. "ಥೂ ನಿನ್ನ! ನಾನಿಲ್ಲಿ ಸೊಸೇನ ಬೈದು ಬೈದು ಬಾಯಿ ಒಣಗಿಸ್ಕೊಂಡೆ. ಈಗ ಅಷ್ಟನ್ನೂ ನಾನು ಹೇಗೋ ವಾಪಸ್ಸು ತಗೊಳ್ಳೋದು?" ಬೈಯುತ್ತಿದ್ದಂತೆ ಆಕೆಯ ದನಿ ಒಡೆಯಿತು. ಅವನ ತಪ್ಪಿಗಲ್ಲ, ತನ್ನ ಬಾಯಿಯ ತಪ್ಪಿಗೆ ಆಕೆ ಅಳುತ್ತಿದ್ದರು. ಚೌಕಟ್ಟನ್ನು ಕಷ್ಟಪಟ್ಟು ತಿರುಗಿಸಿಕೊಂಡು ಅಡುಗೆಮನೆಯ ಕಡೆ ಹೊರಟರು.

ಭಾವ ಮಾತ್ರ ಅಲ್ಲೇ ನಿಂತಿದ್ದರು. "ನಾಳೆ ಬೇರೆಯವರನ್ನ ಕರೆಸ್ತೀನಿ. ನೀನು ಹೊರಡು" ಎಂದರು.

ಒಳಗಿನಿಂದ ಅಕ್ಕನ ದನಿ ಬಂತು. "ಅವನೇ ಕೀಳ್ಲಿ."

ಅವನೇ ಕಿತ್ತ. ಗಾರೆ ಕಲ್ಲಿನಂತೆ ಗಟ್ಟಿಯಾಗಿತ್ತು. ಅಂದು ಸಂಜೆ ಬರಿಗೈಯಿಂದ ಎತ್ತಬಹುದಾಗಿದ್ದ ಟೈಲ್ಸ್ ಈಗ ಚೂರು ಚೂರಾಗಿ, ಅಂಗೈ ಕೊಯ್ಯುತ್ತ ಬಂದವು. ಗಾರೆ ಕಲಸಲು ಚಿಕ್ಕಮ್ಮ ಕರೆಯದೆಯೇ ಬಂದಳು. "ಬೈಗುಳದಲ್ಲಿ ನನಗೂ ಪಾಲಿದೆ, ಎತ್ತಿಟ್ಟಿದೀರಾ?" ಎಂದು ಅತ್ತೆಯನ್ನು ಕೇಳಿ, ಸಾಕಷ್ಟು ಬೈಸಿಕೊಂಡು, ಕೆಲಸಕ್ಕೆ ಕುಳಿತಳು. ಈ ಸಲ ಅವನು ದಾರ ಕಟ್ಟಿದ. ಒಂದೊಂದು ಟೈಲ್ಸಿಗೂ ರಸಮಟ್ಟ ಇಟ್ಟು ನೋಡಿದ. ಅಕ್ಕ ಹೊತ್ತಿಗೆ ಸರಿಯಾಗಿ ಟೀ ತಂದು ಕಿಟಕಿಯ ಮೇಲಿಟ್ಟು ಹೋಗುತ್ತಿದ್ದಳು. ಅವನ ಜೊತೆ ಮಾತಾಡಲಿಲ್ಲ. ಕೆಲಸ ಮುಗಿದು ನೀರು ಸುರಿದಾಗ, ಅದು ಜಾಲರಿಗೆ ಹೋಗುವುದನ್ನು ಭಾವ ನಿಂತು ನೋಡಿದರು, ಇನ್ನೊಮ್ಮೆ ತಾವೇ ಸುರಿದು ನೋಡಿದರು. ಯಾರೂ ಚೆನ್ನಾಗಿದೆ ಎನ್ನಲಿಲ್ಲ.

ಅಲ್ಲಿಗೆ ಅವನ ನಾಚಿಕೆ ಮುಗಿಯಲಿಲ್ಲ. ಹೇಳಿಬಿಟ್ಟರೆ ಮನಸ್ಸು ಹಗುರವಾಗುತ್ತದೆ ಎಂದು ಜನ ಹೇಳುತ್ತಾರೆ. ಅವನಿಗೆ ಹಾಗೇನೂ ಆಗಲಿಲ್ಲ. ಮೊದಲು ಒಬ್ಬನೇ ಹೊತ್ತಿದ್ದದ್ದನ್ನು ಈಗ ಎಲ್ಲರೂ ನೋಡುವಂತೆ ಹೊತ್ತುಕೊಂಡು ತಿರುಗಬೇಕಾಯಿತು ಅಷ್ಟೆ. ಆದರೆ ಒಂದನ್ನು ಅವನು ಕಲಿತ. ತಪ್ಪು ಹಸಿಯಾಗಿದ್ದಾಗ ಕೈಯಿಂದಲೇ ಎತ್ತಬಹುದು. ಆ ಹೊತ್ತಿನ ನಾಚಿಕೆ ಒಂದು ಸಂಜೆಯದು. ಅದಕ್ಕೆ ಹೆದರಿ ಬಿಟ್ಟರೆ, ಆಮೇಲೆ ಒಡೆದು ತೆಗೆಯುವಾಗ ಪಕ್ಕದಲ್ಲಿರುವವರಿಗೂ ಚೂರು ಸಿಡಿಯುತ್ತದೆ.

ಕಲಿತದ್ದನ್ನು ನಡೆಸುವುದು ಸುಲಭವಾಗಿರಲಿಲ್ಲ. ತಪ್ಪಾದ ದಿನವೇ ಮನೆಯವರನ್ನು ಕರೆದು ತೋರಿಸತೊಡಗಿದ. ಒಂದು ಮನೆಯಲ್ಲಿ ಪಡಸಾಲೆಯ ಟೈಲ್ಸಿನ ಸಾಲು ಕೂದಲೆಳೆಯಷ್ಟು ಸರಿದಿತ್ತು. ಯಾರಿಗೂ ಕಾಣುತ್ತಿರಲಿಲ್ಲ. ಅವನೇ ಹೇಳಿದ. ಮನೆಯ ಯಜಮಾನ, "ತಪ್ಪು ಮಾಡೋ ಮೇಸ್ತ್ರಿ ನನಗ್ಯಾಕಪ್ಪ" ಎಂದು ಮರುದಿನದಿಂದ ಬೇರೆಯವರನ್ನು ಕರೆಸಿಕೊಂಡ. ಜೊತೆಯ ಮೇಸ್ತ್ರಿಗಳು ಅವನ ಹೆಸರನ್ನು ತಪ್ಪಾಯ್ತು ಮೇಸ್ತ್ರಿ ಎಂದು ಬದಲಿಸಿದರು. "ಏನ್ ತಪ್ಪಾಯ್ತು ಮೇಸ್ತ್ರಿ, ಇವತ್ತು ಎಷ್ಟಾಯ್ತು?" ಎಂದು ರಸ್ತೆಯ ಆಚೆಯಿಂದ ಕೂಗುತ್ತಿದ್ದರು. ಅವನು ಕಿವಿ ಕೆಂಪಗೆ ಮಾಡಿಕೊಂಡು ನಡೆಯುತ್ತಿದ್ದ. ಕೆಲವು ಮನೆಯವರು ಮಾತ್ರ ಇಂಥವನೇ ಬೇಕು ಎಂದು ಕರೆದರು. ಎಲ್ಲರೂ ಅಲ್ಲ.

ಅಕ್ಕ ಬಹಳ ಕಾಲ ಅವನ ಜೊತೆ ಬೇಕಾದಷ್ಟೇ ಮಾತಾಡಿದಳು. ಬಾ, ಕೂತ್ಕೋ, ಊಟ ಮಾಡು. ಅದಕ್ಕಿಂತ ಹೆಚ್ಚಿಲ್ಲ. ಅತ್ತೆ ಚೌಕಟ್ಟು ಬಿಟ್ಟು ಕೋಲು ಹಿಡಿದರು. ಸೊಸೆಯನ್ನು ಬೈಯಲು ಬಾಯಿ ತೆರೆದು, ಏನೋ ನೆನಪಾಗಿ, ನಡುವೆಯೇ ನಿಲ್ಲಿಸುವುದನ್ನೂ ಕಲಿತರು.

ಆಮೇಲೊಮ್ಮೆ ಅಕ್ಕನೇ ಫೋನು ಮಾಡಿದಳು. ಹಿತ್ತಲಲ್ಲಿ ಬಟ್ಟೆ ಒಗೆಯುವ ಕಟ್ಟೆ ಬಿರುಕು ಬಿಟ್ಟಿತ್ತು. "ಬಂದು ಮಾಡಿಕೊಡ್ತೀಯಾ?" ಎಂದಳು. ಅವನು ಹೂಂ ಎನ್ನುವುದರೊಳಗೆ, "ನಾನು ಪಕ್ಕದಲ್ಲೇ ಕೂತಿರ್ತೀನಿ. ಬೇಜಾರು ಮಾಡ್ಕೋಬೇಡ" ಎಂದಳು.

"ಕೂತ್ಕೋ ಅಕ್ಕಾ" ಎಂದ.

ಅವಳು ನಿಜವಾಗಿಯೂ ಕುಳಿತಳು. ಬಕೆಟನ್ನು ಮಗುಚಿ ಹಾಕಿಕೊಂಡು, ಕೈಕಟ್ಟಿ, ಕೆಲಸಕ್ಕೆ ಕಾವಲು ಕೂತವಳಂತೆ. ಅವನು ಎಷ್ಟೋ ಮನೆಗಳಲ್ಲಿ ಎಷ್ಟೋ ಜನರ ಎದುರು ಕೆಲಸ ಮಾಡಿದವನು, ಆದರೆ ಅಂದಿನಷ್ಟು ಬೆವರಿದ್ದು ನೆನಪಿಲ್ಲ. ದಾರ ಕಟ್ಟುವಾಗ ಅವಳು ದಾರ ನೋಡಿದಳು. ಗುಳ್ಳೆ ನೋಡುವಾಗ ಅವಳೂ ಬಗ್ಗಿ ಗುಳ್ಳೆ ನೋಡಿದಳು. "ಇದು ನಡುವೆ ಇದ್ರೆ ಸರೀನಾ?" ಎಂದು ಒಂದು ಸಲ ಕೇಳಿದಳು. "ಇಲ್ಲಿ ಒಂಚೂರು ಆ ಕಡೆ ಇರಬೇಕು ಅಕ್ಕಾ, ನೀರು ಹೋಗಬೇಕಲ್ಲ" ಎಂದು ತೋರಿಸಿಕೊಟ್ಟ.

ಎಲ್ಲ ಕೂರಿಸಿದ ಮೇಲೆ ಸುತ್ತಿಗೆಯ ಹಿಡಿಯಿಂದ ಒಂದೊಂದನ್ನೇ ಮೆಲ್ಲಗೆ ಬಡಿದು ಕೇಳುತ್ತ ಬಂದ. ಕೆಳಗೆ ಗಾರೆ ಚೆನ್ನಾಗಿ ತುಂಬಿದ್ದರೆ ಗಟ್ಟಿ ಸದ್ದು, ಇಲ್ಲದಿದ್ದರೆ ಟೊಳ್ಳು. ಅಂಚಿನ ಒಂದು ಟೈಲ್ಸ್ ಟೊಳ್ಳು ಸದ್ದು ಮಾಡಿತು. ಅಕ್ಕ ಆ ಹೊತ್ತಿಗೆ ಬೇಲಿಯ ಆಚೆ ಯಾರನ್ನೋ ನೋಡುತ್ತಿದ್ದಳು. ಅವಳಿಗೆ ಕೇಳಿಸಿರಲಿಲ್ಲ. ಕೇಳಿಸಿದ್ದರೂ ಗೊತ್ತಾಗುತ್ತಿರಲಿಲ್ಲ.

ಅವನ ಕಿವಿ, ಕೆನ್ನೆ, ಕತ್ತು ಎಲ್ಲ ಬಿಸಿಯಾಯಿತು. ನಾಚಿಕೆ ಮೊದಲ ಸಲದಷ್ಟೇ ಇತ್ತು.

"ಅಕ್ಕಾ" ಎಂದ. "ಇಲ್ಲಿ ನೋಡು. ಇದು ಸರಿಯಾಗಿ ಕೂತಿಲ್ಲ. ನಾನು ಗಾರೆ ಕಡಿಮೆ ಹಾಕಿದೀನಿ. ಹೀಗೇ ಬಿಟ್ರೆ ಬಟ್ಟೆ ಬಡಿದಾಗ ಒಡೆಯುತ್ತೆ."

ಅಕ್ಕ ಬಕೆಟಿನಿಂದ ಎದ್ದು ಬಂದು, ಅವನ ಪಕ್ಕ ಕುಕ್ಕರಗಾಲಲ್ಲಿ ಕುಳಿತು, ಬೆರಳ ಗಿಣ್ಣಿನಿಂದ ಆ ಟೈಲ್ಸನ್ನು ಬಡಿದಳು. ಪಕ್ಕದ್ದನ್ನೂ ಬಡಿದು ನೋಡಿದಳು. ಎರಡರ ವ್ಯತ್ಯಾಸ ಅವಳಿಗೂ ಕೇಳಿಸಿತು.

"ಹಸಿ ಇದೆ ತಾನೇ ಇನ್ನೂ?"

"ಇದೆ."

"ಕೀಳು ಹಾಗಾದ್ರೆ" ಎಂದಳು. ಅವನು ಕರಣೆಯ ತುದಿಯನ್ನು ಅಂಚಿಗೆ ಕೊಟ್ಟು ಮೆಲ್ಲಗೆ ಎತ್ತಿದ. ಟೈಲ್ಸ್ ಒಡೆಯದೆ ಮೇಲೆ ಬಂತು. ಇನ್ನೊಂದು ಬದಿಯಿಂದ ಅಕ್ಕ ಅದನ್ನು ಹಿಡಿದುಕೊಂಡಳು.